ಹಳೆ ಆಫೀಸು ಬಿಟ್ಟು ಬಂದ ಹುಡುಗರ ಹೊಸ ಜಿಎಸ್‌ಟಿ ಆಫೀಸು: ಚೆಂಬೂರಿನ ಹೋಟೆಲಿನವನ ಅನುಭವ, 5ಕ್ಕೆ 3

ಮೊದಲೇ ಹೇಳಿಬಿಡುತ್ತೇನೆ, ಹೆಸರು ಬರೆಯುವುದಿಲ್ಲ. ನಮ್ಮ ತೆರಿಗೆ ಲೆಕ್ಕ ನೋಡಿ ರಿಟರ್ನು ತುಂಬುವ ಹಳೆ ಆಫೀಸಿನದ್ದೂ ಇಲ್ಲ, ಅಲ್ಲಿಂದ ಬಂದವರ ಹೊಸದರದ್ದೂ ಇಲ್ಲ. ಎರಡೂ ಕಡೆ ನಮ್ಮ ಊರ ಕಡೆಯವರೇ, ನಾಳೆ ಯಾವುದಾದರೂ ಮದುವೆ ಪಂಕ್ತಿಯಲ್ಲಿ ಎದುರುಬದುರು ಕೂತು ಊಟ ಮಾಡಬೇಕು. ಆದರೆ ಮುಂಬೈಯಲ್ಲಿ ಹೋಟೆಲು, ಕ್ಯಾಂಟೀನು, ಬಾರು ನಡೆಸುವ ನಮ್ಮವರಿಗೆ ಇಂಥ ಫೋನು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. "ಅಣ್ಣ, ನಾವು ಹೊರಗೆ ಬಂದೆವು, ನಿಮ್ಮ ಫೈಲು ನಮಗೇ ಕೊಡಿ" ಅಂತ. ನನಗೆ ಬಂತು, ನಾನು ಹೋದೆ. ಎರಡು ವರ್ಷದ ಮೇಲಾಯಿತು. ಹೋದದ್ದು ಸರಿಯಾ ತಪ್ಪಾ ಅಂತ ಕೇಳಿದರೆ ಸರಿ ಅಂತಲೇ ಹೇಳುತ್ತೇನೆ, ಆದರೆ ಹೋದ ರೀತಿ ತಪ್ಪು. ಅದನ್ನೇ ಬರೆಯಲಿಕ್ಕೆ ಕೂತದ್ದು.

ನಂದು ಚೆಂಬೂರಿನಲ್ಲಿ 14 ಮೇಜಿನ ಸಣ್ಣ ಹೋಟೆಲು. ಬೆಳಿಗ್ಗೆ ಇಡ್ಲಿ ದೋಸೆ, ಮಧ್ಯಾಹ್ನ ರೈಸ್ ಪ್ಲೇಟು, ಸಂಜೆ ಪಾವ್‌ಭಾಜಿ, ರಾತ್ರಿ ಸ್ವಿಗ್ಗಿ ಹುಡುಗರ ಗಲಾಟೆ. ಕುಂದಾಪುರದ ಹತ್ತಿರದ ಹಳ್ಳಿಯಿಂದ ಬಂದವನು ನಾನು. ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತ ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ ಎಸ್ಸೆಸ್ಸಿ ಮುಗಿಸಿದ್ದು. ಲೆಕ್ಕ ನನಗೆ ಬರುತ್ತದೆ, ಆದರೆ ಅದು ಗಲ್ಲಾದ ಲೆಕ್ಕ. ಸರಕಾರದ ಲೆಕ್ಕಕ್ಕೆ ಮಾಟುಂಗಾದ ಒಬ್ಬರು ಸಿಎ. ಮಹಾರಾಷ್ಟ್ರದಲ್ಲಿ 2005ರಲ್ಲಿ ವ್ಯಾಟ್ ಅನ್ನುವ ಮಾರಾಟ ತೆರಿಗೆ ಬಂದಾಗಿನಿಂದ ನನ್ನ ಫೈಲು ಅವರ ಹತ್ತಿರವೇ ಇತ್ತು. ಸರ್ ಖುದ್ದಾಗಿ ಸಿಗುವುದು ವರ್ಷಕ್ಕೆ ಎರಡು ಸಲ, ಒಮ್ಮೆ ಆಡಿಟ್ ಸಹಿಗೆ, ಒಮ್ಮೆ ದೀಪಾವಳಿಗೆ. ಉಳಿದದ್ದೆಲ್ಲ ಇಬ್ಬರು ಹುಡುಗರು ನೋಡುತ್ತಿದ್ದರು. ಹುಡುಗರು ಅಂದರೆ ನಲವತ್ತರ ಹತ್ತಿರದವರು, ನಾವು ಕರೆದು ಅಭ್ಯಾಸ ಅಷ್ಟೆ. ಒಬ್ಬನನ್ನು ದೊಡ್ಡವನು ಅನ್ನೋಣ, ಇನ್ನೊಬ್ಬನನ್ನು ಚಿಕ್ಕವನು.

2023ರ ಏಪ್ರಿಲ್. ಮಧ್ಯಾಹ್ನ ಮೂರೂವರೆ, ಹೋಟೆಲಿನಲ್ಲಿ ನೊಣ ಹೊಡೆಯುವ ಹೊತ್ತು. ದೊಡ್ಡವನ ಫೋನು.

"ಅಣ್ಣ, ನಾವಿಬ್ಬರೂ ಸರ್ ಆಫೀಸಿಂದ ಹೊರಗೆ ಬಂದೆವು. ಕುರ್ಲಾದಲ್ಲಿ ನಮ್ಮದೇ ಶುರು ಮಾಡಿದ್ದೇವೆ. ನಿಮ್ಮ ಕೆಲಸ ಹೇಗೂ ನಾವೇ ಮಾಡ್ತಿದ್ದದ್ದಲ್ವಾ?"

"ಹೌದು ಮಾರಾಯ, ಆದ್ರೆ ಸರ್‌ಗೆ ಗೊತ್ತುಂಟಾ?"

"ಗೊತ್ತುಂಟು ಅಣ್ಣ. ಅವರಿಗೂ ವಯಸ್ಸಾಯ್ತು. ಸಣ್ಣ ಪಾರ್ಟಿ ಇನ್ನು ಬೇಡ ಅಂತಿದ್ದಾರೆ. ಜಾಸ್ತಿ ಅಂದ್ರೆ ಒಂದು ವರ್ಷ, ಆಮೇಲೆ ಶಟರ್ ಎಳೀತಾರೆ."

ಆಮೇಲೆ ರೇಟು ಬಂತು. ಅಲ್ಲಿ ತಿಂಗಳಿಗೆ 4,000 ಕೊಡುತ್ತಿದ್ದೆ, ಇವರು 2,500 ಅಂದರು. ಬಿಲ್ಲಿನ ಕಟ್ಟು ನಾನು ಕಳಿಸಬೇಕಾಗಿಲ್ಲ, ಅವರೇ ಬಂದು ಒಯ್ಯುತ್ತಾರೆ. ವಾಟ್ಸಾಪಿನಲ್ಲಿ ಎಲ್ಲ. ನಾನು ಸರ್‌ಗೆ ಒಂದು ಫೋನು ಮಾಡಿ ಕೇಳಬೇಕಿತ್ತು. ಮಾಡಲಿಲ್ಲ. ಸಂಕೋಚ ಅಂತ ಅವತ್ತು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ತಿಂಗಳಿಗೆ ಉಳಿಯುವ 1,500 ರೂಪಾಯಿ ಬಾಯಿ ಮುಚ್ಚಿಸಿತು.

ಈ ಫೋನು ಮಾಡಿದ್ದೇ ದೊಡ್ಡ ದ್ರೋಹ ಅಂತ ಬರೆಯಲು ನನಗೆ ಮನಸ್ಸಿಲ್ಲ. ಹೋಟೆಲಿನವರು ಯಾರೂ ಹಾಗೆ ಬರೆಯಬಾರದು. 2019ರಲ್ಲಿ ನನ್ನ ದೋಸೆ ಭಟ್ಟರು ಕೆಲಸ ಬಿಟ್ಟು ಎದುರಿನ ಗಲ್ಲಿಯ ಹೋಟೆಲಿಗೆ ಹೋದರು. ಹೋಗುವ ಮುಂಚಿನ ವಾರ ದಿನದ ಗಿರಾಕಿಗಳ ಮೇಜಿಗೆ ತಾವೇ ದೋಸೆ ತಂದಿಟ್ಟು, "ಸೋಮವಾರದಿಂದ ನಾನು ಆ ಕಡೆ" ಅಂತ ಮೆಲ್ಲಗೆ ಹೇಳುತ್ತಿದ್ದರಂತೆ. ನನಗೆ ಗೊತ್ತಾದಾಗ ಮೈಯೆಲ್ಲ ಉರಿಯಿತು. ಆದರೆ 22 ವರ್ಷದ ಹಿಂದೆ ನಾನೇ ಎಂತ ಮಾಡಿದ್ದೆ? ಫೋರ್ಟಿನ ಶೇಟರ ಹತ್ತಿರ ಕೆಲಸ ಬಿಟ್ಟು ಬರುವಾಗ ಆರು ಆಫೀಸಿನ ಊಟದ ಆರ್ಡರು ನನ್ನ ಹಿಂದೆಯೇ ಬಂತು. ಬಂತು ಅನ್ನುವುದು ಚಂದದ ಮಾತು. ನಾನೇ ಹೋಗಿ ಹೇಳಿ ತಂದದ್ದು. ಆದರೆ ಶೇಟರಿಗೆ ಕಾಯಿಲೆ, ಅವರು ಹೋಟೆಲು ಮುಚ್ಚುತ್ತಾರೆ ಅಂತ ಎಲ್ಲಿಯೂ ಹೇಳಿರಲಿಲ್ಲ. ಆ ವ್ಯತ್ಯಾಸ ಈಗ ನನಗೆ ದೊಡ್ಡದಾಗಿ ಕಾಣುತ್ತದೆ.

ಸರಿ, ಇನ್ನು ಸರ್ವಿಸ್ ಹೇಗಿದೆ ಅಂತ ಹೇಳುತ್ತೇನೆ.

ಒಳ್ಳೆಯದು ಮೊದಲು. ಟೈಮಿಗೆ ಮಾಡುತ್ತಾರೆ. ತಿಂಗಳ 5ಕ್ಕೆ ಚಿಕ್ಕವನು ಬಂದು ಖರೀದಿ ಬಿಲ್ಲು, ಮಾರಾಟದ ಪ್ರಿಂಟು ಎಲ್ಲ ಒಯ್ಯುತ್ತಾನೆ. 11ರ ಒಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್ 1, 20ರ ಒಳಗೆ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ ರಿಟರ್ನು. ಹಳೆ ಆಫೀಸಿನಲ್ಲಿ 20ನೇ ತಾರೀಕು ಸಂಜೆ ಏಳಕ್ಕೆ "ಶೇಟ್, ಚಲನ್ ತುಂಬಿ ಬೇಗ" ಅಂತ ಫೋನು ಬರುತ್ತಿತ್ತು, ಆಗ ಹೋಟೆಲು ತುಂಬಿರುತ್ತದೆ, ಒಂದು ಕೈಯಲ್ಲಿ ಬಿಲ್ಲು ಇನ್ನೊಂದು ಕೈಯಲ್ಲಿ ನೆಟ್‌ಬ್ಯಾಂಕಿಂಗ್. ಇಲ್ಲಿ 17ಕ್ಕೇ ಲೆಕ್ಕ ಬರುತ್ತದೆ. ಪ್ರೊಫೆಷನ್ ಟ್ಯಾಕ್ಸಿನ 2,500, ಗುಮಾಸ್ತಾ ಅಂತ ಇಲ್ಲಿ ಕರೆಯುವ ಅಂಗಡಿ ಲೈಸೆನ್ಸಿನ ಕಾಗದ, ಎಲ್ಲ ನೆನಪಿಸುತ್ತಾರೆ. ಕನ್ನಡದಲ್ಲಿ ಮಾತಾಡುತ್ತಾರೆ, ಬೈದರೂ ನಗುತ್ತಾರೆ. ನನ್ನ ಹೋಟೆಲಿನ ಒಳಗುಟ್ಟೆಲ್ಲ ಗೊತ್ತಿರುವುದರಿಂದ ಹೊಸದಾಗಿ ಏನೂ ವಿವರಿಸಬೇಕಾಗಿ ಬರಲಿಲ್ಲ. ಹಳೆ ನೌಕರರು ಹೊಸ ಆಫೀಸು ಮಾಡಿದರೆ ಗಿರಾಕಿಗೆ ಇದೇ ದೊಡ್ಡ ಲಾಭ.

ಈಗ ಎಡವಟ್ಟು. ಮೊದಲ ವರ್ಷದ್ದು ಸ್ವಿಗ್ಗಿ ಜೊಮ್ಯಾಟೊ ಲೆಕ್ಕ. ಹೋಟೆಲಿನವರಿಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. 2022ರ ಜನವರಿ 1ರಿಂದ ಆ್ಯಪಿನ ಮೂಲಕ ಹೋದ ಊಟಕ್ಕೆ ಜಿಎಸ್‌ಟಿ ಕಟ್ಟುವುದು ಆ್ಯಪಿನವರು, ನಾವಲ್ಲ. ನಮ್ಮ 3ಬಿಯಲ್ಲಿ ಆ ಮಾರಾಟವನ್ನು 3.1.1 ಅನ್ನುವ ಬೇರೆ ಜಾಗದಲ್ಲಿ ತೋರಿಸಿದರೆ ಆಯಿತು, ಅದಕ್ಕೆ ತೆರಿಗೆ ಬೀಳುವುದಿಲ್ಲ. ಮೇಜಿಗೆ ಬಡಿಸಿದ್ದು, ಕೌಂಟರ್ ಪಾರ್ಸೆಲ್, ಇವಕ್ಕೆ ಮಾತ್ರ ನಮ್ಮ 5 ಪರ್ಸೆಂಟು. ಹೊಸ ಆಫೀಸಿಗೆ ಹೊಸದಾಗಿ ಸೇರಿದ ಒಬ್ಬಳು ಹುಡುಗಿ ಎರಡನ್ನೂ ಒಟ್ಟು ಸೇರಿಸಿ ಮೇಲಿನ ಸಾಲಿನಲ್ಲೇ ತುಂಬಿದಳು. ನನ್ನ ಹೋಟೆಲಿನ ಮಾರಾಟ ತಿಂಗಳಿಗೆ ಸುಮಾರು 12 ಲಕ್ಷ, ಆ್ಯಪಿನದ್ದು ಬೇರೆ 3 ಲಕ್ಷ. 60 ಸಾವಿರ ಬರಬೇಕಾದ ಚಲನ್ 75 ಸಾವಿರ ಬಂತು. ಮೊದಲ ತಿಂಗಳು ಹಬ್ಬದ ಸೀಸನ್ ಇರಬೇಕು ಅಂತ ಕಟ್ಟಿದೆ. ಎರಡನೇ ತಿಂಗಳೂ ಹಾಗೇ. ಮೂರನೇ ತಿಂಗಳು ರಾತ್ರಿ ಹನ್ನೊಂದಕ್ಕೆ ಶಟರ್ ಅರ್ಧ ಎಳೆದು, ಕಟಿಂಗ್ ಚಹಾ ಇಟ್ಟುಕೊಂಡು, ಗಲ್ಲಾದ ಪುಸ್ತಕ ತೆಗೆದು ಕೂಡಿಸಿದೆ. 15 ಸಾವಿರ ಎಲ್ಲಿಂದ ಬಂತು ಅಂತ ತಿಳಿಯಲು ನನಗೆ ಬೇಕಾದದ್ದು ಹತ್ತು ನಿಮಿಷ. ದಿನಾ ಕೂಡಿಸುವ ಕೆಲಸ ಇದ್ದವರಿಗೆ ಕಾಣಲಿಲ್ಲ.

ಬೆಳಿಗ್ಗೆ ಫೋನು ಮಾಡಿದೆ. ದೊಡ್ಡವನು ಒಂದು ಮಾತು ವಾದ ಮಾಡಲಿಲ್ಲ, ಅದನ್ನು ಮೆಚ್ಚಬೇಕು. "ತಪ್ಪು ನಮ್ದೇ ಅಣ್ಣ" ಅಂದ, ಮುಂದಿನ ರಿಟರ್ನಿನಲ್ಲಿ ಸರಿ ಮಾಡಿದ, ಆ ತಿಂಗಳ ಫೀಸು ತಗೊಳ್ಳಲಿಲ್ಲ. ಆದರೆ ಕಟ್ಟಿಹೋದ ದುಡ್ಡು ಅಷ್ಟು ದಿನ ಸುಮ್ನೆ ಸರಕಾರದ ಹತ್ತಿರ ಕೂತಿತ್ತು. ಎಣ್ಣೆ ಡಬ್ಬಿಯವನಿಗೆ ನಾನು ಸಾಲ ಹೇಳಬೇಕಾಯಿತು. ಸರ್ ಆಫೀಸಿನಲ್ಲಿ ಹೀಗೆ ಆಗುತ್ತಿರಲಿಲ್ಲ ಅಂತ ಅವತ್ತು ಅನಿಸಿತು, ಯಾಕೆಂದರೆ ಅಲ್ಲಿ ಇವರು ಮಾಡಿದ್ದನ್ನು ಸರ್ ಒಮ್ಮೆ ಕನ್ನಡಕ ಏರಿಸಿ ನೋಡುತ್ತಿದ್ದರು. ಇಲ್ಲಿ ಇವರ ಮೇಲೆ ನೋಡುವವರು ಯಾರೂ ಇಲ್ಲ. ನಾನು 1,500 ಉಳಿಸಿದ್ದು ಯಾವುದರಲ್ಲಿ ಅಂತ ಆವತ್ತು ಗೊತ್ತಾಯಿತು.

ಇದಕ್ಕಿಂತ ದೊಡ್ಡದು ಓಟಿಪಿ ಕಥೆ. ಇದನ್ನು ಮಾತ್ರ ಎಲ್ಲರೂ ಓದಬೇಕು.

2017ರ ಜುಲೈ 1ಕ್ಕೆ ಜಿಎಸ್‌ಟಿ ಶುರುವಾದಾಗ ಗಡಿಬಿಡಿಯಲ್ಲಿ ಎಲ್ಲರ ನೋಂದಣಿ ಮಾಡಿದ್ದು ಸಿಎ ಆಫೀಸಿನ ಹುಡುಗರು. ನಾವು ಪ್ಯಾನು, ಆಧಾರು, ಲೈಟ್ ಬಿಲ್ಲು ಕೊಟ್ಟೆವು, ಅವರು ತುಂಬಿದರು. ಮೊಬೈಲ್ ನಂಬರು ಅಂತ ಕೇಳುವ ಜಾಗದಲ್ಲಿ ದೊಡ್ಡವನು ತನ್ನ ನಂಬರು ಹಾಕಿದ. ಈಮೇಲೂ ಅವನದ್ದೇ. ಕಳ್ಳತನಕ್ಕೆ ಅಲ್ಲ. ಓಟಿಪಿ ಬಂದಾಗಲೆಲ್ಲ ನಮಗೆ ಫೋನು ಮಾಡಿ ಕೇಳುವುದು ಬೇಡ ಅಂತ. ನಮಗೂ ಅದೇ ಆರಾಮ. ಗಲ್ಲಾದಲ್ಲಿ ಕೂತವನಿಗೆ ಓಟಿಪಿ ನೋಡಲು ಪುರುಸೊತ್ತು ಎಲ್ಲಿ?

ಹಾಗಾಗಿ ಅವನು ಸರ್ ಆಫೀಸು ಬಿಟ್ಟಾಗ ಗಿರಾಕಿಗಳ ಪಟ್ಟಿ, ಡೈರಿ, ಪೆನ್‌ಡ್ರೈವು ಏನೂ ಕದಿಯಬೇಕಾಗಿರಲಿಲ್ಲ. ಎಲ್ಲರ ಬೀಗದ ಕೈ ಅವನ ಷರ್ಟಿನ ಜೇಬಿನಲ್ಲೇ ಇತ್ತು. ಸರ್ ಹತ್ತಿರ ಉಳಿದದ್ದು ಬರೀ ಬೀಗ. ನಾನು ಹೋಗುವುದಿಲ್ಲ ಅಂದಿದ್ದರೂ ಮುಂದಿನ 20ನೇ ತಾರೀಕಿಗೆ ಅವನಿಗೇ ಫೋನು ಮಾಡಿ "ಓಟಿಪಿ ಹೇಳು ಮಾರಾಯ" ಅನ್ನಬೇಕಾಗುತ್ತಿತ್ತು. ಇದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಡಿಸೆಂಬರಿನಲ್ಲಿ. ದೊಡ್ಡವನು ಮನೆಯ ಪೂಜೆಗೆ ಊರಿಗೆ ಹೋಗಿದ್ದ, ಕೊಲ್ಲೂರಿನ ಕಡೆ ಘಟ್ಟದ ಬುಡದಲ್ಲಿ ಮನೆ, ಟವರ್ ಸಿಗುವುದು ತೋಟದ ಮೂಲೆಯ ಒಂದು ಹಲಸಿನ ಮರದ ಹತ್ತಿರ ಮಾತ್ರ ಅಂತೆ. 20ನೇ ತಾರೀಕು ಬಂತು. ರಿಟರ್ನು ತಯಾರಿದೆ, ದುಡ್ಡು ತಯಾರಿದೆ, ಸಬ್ಮಿಟ್ ಮಾಡಲಿಕ್ಕೆ ಓಟಿಪಿ ಬೇಕು. ಚಿಕ್ಕವನು ನನಗೆ ಫೋನು ಮಾಡುತ್ತಾನೆ, ನಾನು ಊರಿನ ನಮ್ಮ ಮಾವನಿಗೆ ಫೋನು ಮಾಡುತ್ತೇನೆ, ಮಾವ ಬೈಕಿನಲ್ಲಿ ಯಾರನ್ನೋ ಕಳಿಸುತ್ತಾರೆ. ಆರು ದಿನ ತಡವಾಯಿತು. ದಂಡ ದಿನಕ್ಕೆ 50ರಂತೆ 300. ಬಡ್ಡಿ ವರ್ಷಕ್ಕೆ 18 ಪರ್ಸೆಂಟಿನ ಲೆಕ್ಕದಲ್ಲಿ 180ರ ಹತ್ತಿರ. ದುಡ್ಡು ದೊಡ್ಡದಲ್ಲ. ಆದರೆ ನನ್ನ ಹೋಟೆಲಿನ ತೆರಿಗೆ ಕಟ್ಟಲು ಕೊಲ್ಲೂರಿನ ಹಲಸಿನ ಮರದ ಹತ್ತಿರ ಒಬ್ಬ ನಿಲ್ಲಬೇಕು ಅಂದರೆ ನಾನು ಯಾವ ಸೀಮೆಯ ಮಾಲಿಕ?

ಅವನು ಬಂದ ಮೇಲೆ ನಂಬರು ಬದಲಿಸು ಅಂದೆ. "ಮಾಡೋಣ ಅಣ್ಣ." ಜನವರಿಯಲ್ಲಿ ಕೇಳಿದೆ. "ಮಾರ್ಚ್ ಎಂಡ್ ಮುಗೀಲಿ ಅಣ್ಣ." ಏಪ್ರಿಲಿನಲ್ಲಿ ಕೇಳಿದೆ. "ನಮ್ಮ ಮೇಲೆ ನಂಬಿಕೆ ಇಲ್ವಾ ಅಣ್ಣ?" ಈ ಮಾತು ಬಂದಾಗ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಸರ್ ಆಫೀಸಿನಲ್ಲಿ ಇರುವಾಗ ಅದು ಆರಾಮಕ್ಕೆ ಹಾಕಿದ ನಂಬರು. ಈಗ ಅದು ಗಿರಾಕಿ ತಪ್ಪಿಸಿಕೊಳ್ಳದ ಹಾಗೆ ಕಟ್ಟಿದ ಹಗ್ಗ. ತನ್ನ ಹಾಗೆಯೇ ಇನ್ನೊಬ್ಬ ಬಂದು ನನ್ನನ್ನು ಒಯ್ಯಬಹುದು ಅಂತ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಪಾಸ್‌ವರ್ಡೂ ನನ್ನ ಹತ್ತಿರ ಇರಲಿಲ್ಲ. ಮರೆತುಹೋಗಿದೆ ಅಂತ ಒತ್ತಿದರೆ ಓಟಿಪಿ ಹೋಗುವುದು ಮತ್ತೆ ಅವನಿಗೇ. ಇಂಥವರಿಗೆ ಒಂದು ದಾರಿ ಇದೆ. ನಿಮ್ಮ ಏರಿಯಾದ ಜಿಎಸ್‌ಟಿ ಅಧಿಕಾರಿಯ ಹತ್ತಿರ ಖುದ್ದಾಗಿ ಹೋಗಿ, ವ್ಯಾಪಾರ ನನ್ನದೇ ಅಂತ ತೋರಿಸಿ ಅರ್ಜಿ ಕೊಟ್ಟರೆ ಅವರು ಒಳಗಿನಿಂದ ಹೊಸ ಮೊಬೈಲು, ಹೊಸ ಈಮೇಲು ಹಾಕಿಕೊಡುತ್ತಾರೆ. ನನ್ನದು ಮಾಝಗಾಂವ್ ಜಿಎಸ್‌ಟಿ ಭವನ. ಚೆಂಬೂರಿನಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದರೆ ಡಾಕ್‌ಯಾರ್ಡ್ ರೋಡ್, ಅಲ್ಲಿಂದ ನಡೆದೇ ಹೋಗಬಹುದು. ಮೊದಲ ದಿನ ಗುಮಾಸ್ತಾದ ಝೆರಾಕ್ಸ್ ಮನೆಯಲ್ಲೇ ಮರೆತು ಹೋದೆ, ನನ್ನದೇ ತಪ್ಪು. ಎರಡನೇ ದಿನ ಕೆಲಸ ಆಯಿತು. ಅಲ್ಲಿದ್ದ ಮೇಡಂ ನನ್ನ ಕಾಗದ ನೋಡಿ ಮರಾಠಿಯಲ್ಲಿ, "ಸಲಹೆಗಾರರ ನಂಬರಾ? ದಿನಾ ಬರ್ತಾರೆ ನಿಮ್ಮ ಥರದವರು" ಅಂದರು. ನನ್ನ ಈಮೇಲಿಗೆ ತಾತ್ಕಾಲಿಕ ಪಾಸ್‌ವರ್ಡು ಬಂತು. ಸಂಜೆ ಗಲ್ಲಾದಲ್ಲಿ ಕೂತು ಮಗಳ ಹತ್ತಿರ ಹೊಸ ಪಾಸ್‌ವರ್ಡು ಹಾಕಿಸಿದೆ. ಏಳು ವರ್ಷದಲ್ಲಿ ಮೊದಲ ಸಲ ನನ್ನ ಜಿಎಸ್‌ಟಿ ಖಾತೆಯ ಒಳಗೆ ಏನಿದೆ ಅಂತ ನಾನು ನೋಡಿದ್ದು. ನನ್ನ ಹೋಟೆಲಿನ ಸ್ಪೆಲ್ಲಿಂಗೇ ತಪ್ಪಿತ್ತು ಮಾರಾಯ್ರೆ.

ದೊಡ್ಡವನಿಗೆ ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡ. ಈಗ ಸರಿಯಾಗಿದ್ದಾನೆ. 20ನೇ ತಾರೀಕು ಓಟಿಪಿ ನನ್ನ ಫೋನಿಗೆ ಬರುತ್ತದೆ, ನಾನು ಲೆಕ್ಕ ನೋಡಿ ಹೇಳುತ್ತೇನೆ. ಒಂದು ನಿಮಿಷದ ಕೆಲಸ.

ಈ ನಡುವೆ ಕಾನೂನು ಏನು ಹೇಳುತ್ತದೆ ಅಂತ ಕುತೂಹಲ ಹುಟ್ಟಿತು. ಕುರ್ಲಾ ಕೋರ್ಟಿಗೆ ಹೋಗುವ ಕಾರವಾರದ ಕಡೆಯ ವಕೀಲರೊಬ್ಬರು ವಾರಕ್ಕೆ ಎರಡು ದಿನ ನನ್ನಲ್ಲಿ ಉಪ್ಪಿಟ್ಟು ತಿನ್ನಲು ಬರುತ್ತಾರೆ. ಫೀಸು ಇಲ್ಲದೆ ಸಿಕ್ಕಿದ ಜ್ಞಾನ ಇದು, ಉಪ್ಪಿಟ್ಟಿನ ದುಡ್ಡು ಮಾತ್ರ ಬಿಟ್ಟೆ. ಅವರು ಹೇಳಿದ್ದು ಹೀಗೆ. ನಮ್ಮ ಕಾಂಟ್ರಾಕ್ಟ್ ಕಾಯಿದೆ 1872ರದ್ದು, ಅದರ 27ನೇ ಸೆಕ್ಷನ್ ಪ್ರಕಾರ ಒಬ್ಬನು ತನ್ನ ಕಸುಬು ಮಾಡದ ಹಾಗೆ ಕಟ್ಟಿಹಾಕುವ ಕರಾರು ನಡೆಯುವುದಿಲ್ಲ. ಕೆಲಸದಲ್ಲಿ ಇರುವ ತನಕ ಕಟ್ಟಬಹುದು, ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಅಡ್ಡ ಬರುವ ಹಾಗಿಲ್ಲ. ಕೆಲಸದ ಅವಧಿಯೊಳಗೆ ಕಟ್ಟಬಹುದು ಅನ್ನುವುದಕ್ಕೆ ನಮ್ಮ ಕಲ್ಯಾಣದ್ದೇ ಕೇಸು ಇದೆಯಂತೆ. ಸೆಂಚುರಿ ರೇಯಾನಿನ ಟೈರ್ ನೂಲಿನ ಕಾರ್ಖಾನೆಯ ಒಬ್ಬ ಶಿಫ್ಟ್ ಸೂಪರ್‌ವೈಸರ್ ಐದು ವರ್ಷದ ಕರಾರು ಅರ್ಧಕ್ಕೆ ಬಿಟ್ಟು ರಾಜಸ್ಥಾನದ ಕೋಟಾದ ಎದುರಾಳಿ ಕಂಪನಿಗೆ ಹೋದ, ಕರಾರು ಮುಗಿಯುವ ತನಕ ಹೋಗುವ ಹಾಗಿಲ್ಲ ಅಂತ 1967ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

"ಹಾಗಾದ್ರೆ ಗಿರಾಕಿಗಳನ್ನು ಕರೆಯುವುದು?" ಅಂತ ಕೇಳಿದೆ.

ಅದಕ್ಕೆ ಎರಡು ದೆಹಲಿ ಹೈಕೋರ್ಟ್ ತೀರ್ಪು ಹೇಳಿದರು. ಎರಡೂ 2006ರದ್ದು. ಒಂದರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕು ಕೆಲಸ ಬಿಟ್ಟು ಹೋಗುವ ಅಧಿಕಾರಿಣಿಯನ್ನು ತಡೆಯಲು ಹೋಯಿತು, ಕೋರ್ಟು ಒಪ್ಪಲಿಲ್ಲ. ದಿನಾ ವ್ಯವಹರಿಸಿದ ಗಿರಾಕಿಯ ಹೆಸರು, ಫೋನು ನಂಬರು ತಲೆಯಲ್ಲಿ ಉಳಿಯುತ್ತದೆ, ಅದನ್ನು ಕಂಪನಿಯ ಗುಟ್ಟು ಅನ್ನಲಾಗುವುದಿಲ್ಲ. ಇನ್ನೊಂದರಲ್ಲಿ ಒಂದು ವಕೀಲರ ಆಫೀಸಿನಿಂದ ಹೊರಬಿದ್ದ ಕಿರಿಯ ವಕೀಲರು ಗಿರಾಕಿಗಳ ಪಟ್ಟಿ, ಕರಾರಿನ ಕಾಗದ ಎಲ್ಲ ಕಂಪ್ಯೂಟರಿನಿಂದ ಕಾಪಿ ಮಾಡಿ ಒಯ್ದಿದ್ದರು. ನಿಮ್ಮ ವಕೀಲಿಕೆ ನೀವು ಮಾಡಿ, ಆದರೆ ಅಲ್ಲಿಂದ ತಂದ ಸಾಮಾನು ಮುಟ್ಟಬೇಡಿ ಅಂತ ಅಲ್ಲಿ ಆದೇಶ. ಕೇಳದೆ ಕಂಪ್ಯೂಟರಿನಿಂದ ಕಾಪಿ ಹೊಡೆದರೆ 2000ದ ಐಟಿ ಕಾಯಿದೆಯೂ ಬೀಳುತ್ತದಂತೆ, 43ನೇ ಸೆಕ್ಷನ್.

ನನ್ನ ಭಾಷೆಯಲ್ಲಿ ಹೇಳಬೇಕೆಂದರೆ, ಭಟ್ಟರ ಕೈರುಚಿ ಭಟ್ಟರದ್ದು, ಹೋದಲ್ಲಿಗೆ ಹೋಗುತ್ತದೆ. ನನ್ನ ಕಾವಲಿ ಹೊತ್ತುಕೊಂಡು ಹೋಗುವ ಹಾಗಿಲ್ಲ.

ವಕೀಲರು ಕೈ ತೊಳೆದು ಬಂದು ಇನ್ನೊಂದು ಮಾತು ಸೇರಿಸಿದರು. ಕೆಲಸದವರನ್ನು ಹೀಗೆ ಕಟ್ಟಲಾಗದಿದ್ದರೂ ವ್ಯಾಪಾರವನ್ನೇ ಗುಡ್‌ವಿಲ್, ಅಂದರೆ ಅದರ ಹೆಸರು ಗಿರಾಕಿ ಸಮೇತ ಮಾರಿದವನನ್ನು ಕರಾರು ಬರೆದು ಕಟ್ಟಬಹುದು, 27ನೇ ಸೆಕ್ಷನಿನಲ್ಲಿ ಅದೊಂದು ವಿನಾಯಿತಿ. ಅಂದರೆ ನಾನು ಈ ಹೋಟೆಲು ಹೆಸರು ಸಮೇತ ಮಾರಿ, ಪಕ್ಕದ ಬಿಲ್ಡಿಂಗಿನಲ್ಲೇ ಇನ್ನೊಂದು ತೆರೆದರೆ, ಕರಾರಿನಲ್ಲಿ ಹಾಗೆ ಬರೆದಿದ್ದರೆ, ತಗೊಂಡವನು ತಡೆಯಬಹುದು. ಹೋಟೆಲು ಮಾರುವ ನಮ್ಮವರು ಇದನ್ನು ನೆನಪಿಟ್ಟುಕೊಳ್ಳಿ. ಕಂಡಕ್ಟಿಂಗಿಗೆ, ಅಂದರೆ ತಮ್ಮ ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಡುವವರೂ ಕಾಗದ ಬರೆಯುವಾಗ ಒಮ್ಮೆ ವಕೀಲರನ್ನು ಕೇಳಿ.

ಹೊಸ ಆಫೀಸಿನ ಬಗ್ಗೆ ಬರೆಯುವಾಗ ಇದನ್ನೂ ಬರೆಯದಿದ್ದರೆ ಮಜಾ ಇಲ್ಲ. ಸ್ವಿಗ್ಗಿ ಲೆಕ್ಕ ಹಾಳು ಮಾಡಿದಳಲ್ಲ, ಆ ಹುಡುಗಿ ಒಂದೂವರೆ ವರ್ಷಕ್ಕೆ ಕೆಲಸ ಬಿಟ್ಟಳು. ವಾರ ಕಳೆದು ನನಗೆ ಫೋನು. "ಅಂಕಲ್, ನಾನೀಗ ಸ್ವಂತ ಮಾಡ್ತಿದ್ದೇನೆ. 1,800ಕ್ಕೆ ಮಾಡಿಕೊಡ್ತೇನೆ." ನಾನು ಇಲ್ಲಮ್ಮ ಅಂದೆ. ಮರುದಿನ ದೊಡ್ಡವನು ಹೋಟೆಲಿಗೇ ಬಂದ, ಮುಖ ಕೆಂಪಾಗಿತ್ತು. "ಉಪ್ಪು ತಿಂದ ಮನೆಗೆ ಎರಡು ಬಗೆಯುವವರು ಅಣ್ಣ ಈಗಿನ ಮಕ್ಕಳು. ಕಲಿಸಿದ್ದು ನಾವು, ಗಿರಾಕಿ ಎಳೀತಾಳೆ." ನಾನು ಅವನ ಮುಂದೆ ನೀರುದೋಸೆ ಇಟ್ಟೆ. ಮಾತಾಡಲಿಲ್ಲ. ಅವನಿಗೂ ಒಂದು ನಿಮಿಷ ಬಿಟ್ಟು ಅರ್ಥ ಆಯಿತು ಅಂತ ಕಾಣುತ್ತದೆ, ಚಟ್ನಿ ಕೇಳಿದ.

ಇನ್ನು ಹಳೆ ಸರ್. ಹೋದ ವರ್ಷ ಮಾಟುಂಗಾದ ಮೈಸೂರ್ ಅಸೋಸಿಯೇಷನ್‌ನಲ್ಲಿ ಒಂದು ನಾಟಕಕ್ಕೆ ಹೋಗಿದ್ದೆ. ಇಂಟರ್ವಲ್‌ನಲ್ಲಿ ಚಹಾ ಹಿಡಿದು ತಿರುಗಿದರೆ ಸರ್ ಎದುರಿಗೇ. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಅವರೇ ಮಾತಾಡಿಸಿದರು. ಮಕ್ಕಳ ಬಗ್ಗೆ, ಮೊಣಕಾಲಿನ ಬಗ್ಗೆ. ನಾನೇ ತಡೆಯಲಾರದೆ, "ಸರ್, ನೀವು ರಿಟೈರ್ ಆಗ್ತೀರಿ ಅಂತ ಹೇಳಿದ್ರು" ಅಂದೆ.

"ಯಾರು? ನಾನಾ? ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಬಂದು ನೋಡಿ, ಶಟರ್ ತೆಗೆಯುವುದು ನಾನೇ."

ಹುಡುಗರು ಹೋಗುತ್ತಾರೆ ಅಂತ ಗೊತ್ತಿತ್ತಂತೆ, ನೋಟಿಸು ಕೊಟ್ಟೇ ಹೋದರು. ಫೈಲುಗಳೂ ಹೋಗುತ್ತಿವೆ ಅಂತ ಗೊತ್ತಿರಲಿಲ್ಲ. ಗೊತ್ತಾದದ್ದು ಥಾಣೆಯ ಒಬ್ಬ ಸಿಎ ಬರೆದ ಕಾಗದದಿಂದ. ಹೊಸ ಆಫೀಸಿನ ಇಬ್ಬರೂ ಸಿಎ ಅಲ್ಲ, ಅವರು ಆಡಿಟ್ ಸಹಿ ಹಾಕುವ ಹಾಗಿಲ್ಲ, ಅದಕ್ಕೆ ಥಾಣೆಯವರನ್ನು ಹಿಡಿದಿದ್ದಾರೆ. ಸಿಎಗಳ 1949ರ ಕಾಯಿದೆ ಪ್ರಕಾರ ಒಬ್ಬರು ಮಾಡುತ್ತಿದ್ದ ಆಡಿಟ್ಟನ್ನು ಇನ್ನೊಬ್ಬರು ಒಪ್ಪಿಕೊಳ್ಳುವ ಮೊದಲು ಹಳೆಯವರಿಗೆ ಲಿಖಿತವಾಗಿ ತಿಳಿಸಬೇಕು. ಆ ಕಾಗದದಲ್ಲಿ ನನ್ನ ಹೋಟೆಲಿನ ಹೆಸರು ಇತ್ತು. ಒಂದಾದ ಮೇಲೆ ಒಂದು ಇಂಥ ಕಾಗದ ಬಂತಂತೆ, ನಲವತ್ತರ ಹತ್ತಿರ.

"ನೀವು ಒಂದು ಫೋನು ಮಾಡಬಹುದಿತ್ತಲ್ಲ ಸರ್, ನಮಗೆ?"

"ನಮ್ಮ ಕಾಯಿದೆಯಲ್ಲಿ ಗಿರಾಕಿಗಳನ್ನು ಬನ್ನಿ ಬನ್ನಿ ಅಂತ ಕರೆಯುವುದೇ ತಪ್ಪು. ಜಾಹೀರಾತು, ಕಾಗದ, ಫೋನು ಯಾವುದೂ ಆಗುವುದಿಲ್ಲ. ಅವರಿಗೆ ಆ ಕಟ್ಟು ಇಲ್ಲ, ಅವರು ಸಿಎ ಅಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೊಂದು ವರ್ಷ ಆದ ಮೇಲೂ ದೊಡ್ಡವನಿಗೆ 28 ಸಾವಿರ ಕೊಡ್ತಿದ್ದೆ. ಅದೂ ಸರಿಯಲ್ಲ ಬಿಡಿ" ಅಂದರು. ಬೆಲ್ ಆಯಿತು, ಒಳಗೆ ಹೋದೆವು. ನಾಟಕದ ಎರಡನೇ ಅರ್ಧ ಎಂತ ಆಯಿತು ಅಂತ ನನಗೆ ನೆನಪಿಲ್ಲ.

ದೊಡ್ಡವನನ್ನು ಕೇಳಿದೆ, ಸರ್ ಶಟರ್ ಎಳೀತಾರೆ ಅಂತ ಯಾಕೆ ಹೇಳಿದ್ದು ಅಂತ. "ಹಾಗೆ ಹೇಳದಿದ್ರೆ ನೀವು ಬರ್ತಿರಲಿಲ್ಲ ಅಣ್ಣ" ಅಂದ. ಬರುತ್ತಿದ್ದೆ. ರೇಟು ಕೇಳಿಯೇ ಬರುತ್ತಿದ್ದೆ. ಅದಕ್ಕೇ ಒಂದು ಸ್ಟಾರು ಕಡಿಮೆ. ಇನ್ನೊಂದು ಸ್ಟಾರು ಓಟಿಪಿಗೆ. ಸ್ವಿಗ್ಗಿ ತಪ್ಪಿಗೆ ಕಡಿಮೆ ಮಾಡಿಲ್ಲ, ತಪ್ಪು ಒಪ್ಪಿಕೊಂಡು ಸರಿ ಮಾಡಿದ್ದಾರೆ.

ಈಗ ಫೀಸು 3,500 ಆಗಿದೆ. ಮೊದಲ ವರ್ಷ 2,500, ಆಮೇಲೆ 3,000, ಈ ಏಪ್ರಿಲಿನಿಂದ 3,500. ಹಳೆ ರೇಟಿಗೂ ಇದಕ್ಕೂ ಈಗ ಒಂದು ಮಸಾಲೆ ದೋಸೆ ಪಾರ್ಟಿಯಷ್ಟೇ ವ್ಯತ್ಯಾಸ. ಬಿಟ್ಟು ಹೋಗಿಲ್ಲ, ಕೆಲಸ ಚೆನ್ನಾಗಿದೆ, ಚಿಕ್ಕವನು ಚುರುಕು. ಆದರೆ ಆಡಿಟ್ ಮಾತ್ರ ಈ ವರ್ಷ ವಾಪಸ್ ಸರ್ ಹತ್ತಿರ ಕೊಟ್ಟೆ. ಈ ಸಲ ಥಾಣೆಯವರಿಗೆ ಸರ್ ಕಾಗದ ಬರೆದರು. ದೊಡ್ಡವನಿಗೆ ನಾನೇ ಫೋನು ಮಾಡಿ ಮೊದಲೇ ಹೇಳಿದೆ.

ನಿಮಗೆ ಇಂಥ ಫೋನು ಬಂದರೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೋಗುವ ಮೊದಲು ಜಿಎಸ್‌ಟಿ ಖಾತೆಯಲ್ಲಿ ಯಾರ ಮೊಬೈಲು, ಯಾರ ಈಮೇಲು ಇದೆ ನೋಡಿ, ಇನ್‌ಕಮ್ ಟ್ಯಾಕ್ಸಿನಲ್ಲೂ ನೋಡಿ, ನಿಮ್ಮದು ಹಾಕಿಸಿ. ಹಳೆ ಬ್ಯಾಲೆನ್ಸ್‌ಶೀಟು, ರಿಟರ್ನಿನ ಕಾಪಿ ಹಳೆ ಆಫೀಸಿನಿಂದ ನೀವೇ ಕೇಳಿ ತಗೊಳ್ಳಿ, ಹೊಸಬರ ಹತ್ತಿರ ಅದೆಲ್ಲ ಮೊದಲೇ ಇದ್ದರೆ ಎಲ್ಲಿಂದ ಬಂತು ಅಂತ ಕೇಳಿ. ನಾನು ಕೇಳಿರಲಿಲ್ಲ. ನನ್ನ ಐದು ವರ್ಷದ ಬ್ಯಾಲೆನ್ಸ್‌ಶೀಟು ಅವರ ಕಂಪ್ಯೂಟರಿನಲ್ಲಿ ಮೊದಲ ದಿನವೇ ಇತ್ತು, ಆಗ ಎಷ್ಟು ಅನುಕೂಲ ಅಂತ ಖುಷಿಪಟ್ಟಿದ್ದೆ. ಮತ್ತೆ ಹಳೆಯವರಿಗೆ ಒಂದು ಫೋನು ಮಾಡಿ.

ಆಫೀಸಿನ ಹೆಸರು ಬೇಕಾದವರು ಹೋಟೆಲಿಗೆ ಬನ್ನಿ, ಹೇಳುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಬನ್ನಿ. 18ರಿಂದ 20ರ ತನಕ ಮಾತ್ರ ಅವರಿಗೆ ಫೋನು ಮಾಡಬೇಡಿ, ಯಾರೂ ಎತ್ತುವುದಿಲ್ಲ.